ಗಲ್ಲಾದ ಬೀಗದ ಕೈ ಒಬ್ಬರಲ್ಲಿ, ಕಂಪ್ಯೂಟರಿನ ಪಾಸ್‌ವರ್ಡ್ ಎಲ್ಲರಲ್ಲಿ



ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ನಮ್ಮಲ್ಲಿ ಯಾವ ಮಾಲಕರೂ ನಿದ್ದೆಗಣ್ಣಿನಲ್ಲೇ ಉತ್ತರ ಹೇಳಿಯಾರು. ಬಿಲ್ಲಿಂಗ್ ಕಂಪ್ಯೂಟರಿನ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೇವೆ. ನಾವೂ ಹಾಗೆಯೇ ಇದ್ದವರು. ಅದಕ್ಕೆ ತಕ್ಕ ಬೆಲೆ ತೆತ್ತ ಮೇಲೆ ಇದನ್ನು ಬರೆಯುತ್ತಿದ್ದೇವೆ.

"ಅಡ್ಮಿನ್" ಎಂಬ ಕಳ್ಳ

ಉಪನಗರದ ನಮ್ಮ ಹೋಟೆಲಿನಲ್ಲಿ ನಾಲ್ಕು ಕಂಪ್ಯೂಟರ್: ಗಲ್ಲಾದಲ್ಲಿ ಒಂದು, ಪಾರ್ಸೆಲ್ ಕೌಂಟರಿನಲ್ಲಿ ಒಂದು, ಮೇಲಿನ ಫ್ಯಾಮಿಲಿ ರೂಮಿನಲ್ಲಿ ಒಂದು, ಆಫೀಸಿನಲ್ಲಿ ಒಂದು. ನಾಲ್ಕಕ್ಕೂ ಒಂದೇ ಪಾಸ್‌ವರ್ಡ್. ಹೋಟೆಲಿನ ಹೆಸರು, ಅದರ ಮುಂದೆ 123. ಕ್ಯಾಷಿಯರ್, ಕ್ಯಾಪ್ಟನ್, ಸ್ಟೋರ್ ನೋಡುವವರು ಎಲ್ಲರಿಗೂ ಗೊತ್ತು. ಕೆಲಸ ಬಿಟ್ಟು ಹೋದವರಿಗೂ ಗೊತ್ತು.

ಒಂದು ತಿಂಗಳು ಲೆಕ್ಕ ನೋಡುವಾಗ ಪ್ರಿಂಟ್ ಆದ ಮೇಲೆ ಕ್ಯಾನ್ಸಲ್ ಆದ ಬಿಲ್ಲುಗಳು ರಾಶಿ ಕಂಡವು. ಗಿರಾಕಿ ನಗದು ಕೊಟ್ಟು ಹೋದ ಮೇಲೆ ಬಿಲ್ಲನ್ನು ಕ್ಯಾನ್ಸಲ್ ಮಾಡಿ ಹಣ ಕಿಸೆಗೆ ಹಾಕಿಕೊಳ್ಳುವ ಹಳೆಯ ಉಪಾಯ. ಒಟ್ಟು 38,000 ರೂಪಾಯಿ.

ರಾತ್ರಿ ಗಲ್ಲಾದಲ್ಲಿ ಕೂರುತ್ತಿದ್ದ ಹುಡುಗನ ಮೇಲೆ ಸಂಶಯ ಬಂತು. ನಮ್ಮ ಊರಿನವನೇ. "ಧಣಿ, ನಾನು ತೆಗೆದಿಲ್ಲ" ಎಂದ. ನಾವು ಕೇಳಲಿಲ್ಲ. ಸಂಬಳ ಚುಕ್ತಾ ಮಾಡಿ ಕಳುಹಿಸಿಬಿಟ್ಟೆವು.

ಹದಿನೈದು ದಿನ ಕಳೆದು ಸಾಫ್ಟ್‌ವೇರಿನವರು ತಾರೀಕುವಾರು ಪಟ್ಟಿ ತೆಗೆದುಕೊಟ್ಟರು. ಬಿಲ್ಲು ಕ್ಯಾನ್ಸಲ್ ಆದ ದಿನಗಳಲ್ಲಿ ಮೂರು ದಿನ ಆ ಹುಡುಗ ಮುಂಬಯಿಯಲ್ಲೇ ಇರಲಿಲ್ಲ. ಮನೆಯ ಕೋಲಕ್ಕೆಂದು ಊರಿಗೆ ಹೋಗಿದ್ದ. ರಜೆ ಕೊಟ್ಟವರು ನಾವೇ. ಹಾಗಾದರೆ ತೆಗೆದವರು ಯಾರು? ಪಟ್ಟಿಯ ಪ್ರತಿ ಸಾಲಿನಲ್ಲೂ ಒಂದೇ ಹೆಸರು: "ಅಡ್ಮಿನ್". ಆ ಒಂದು ಹೆಸರಿನೊಳಗೆ ನಮ್ಮನ್ನೂ ಸೇರಿಸಿ ಹನ್ನೆರಡು ಮಂದಿ ಇದ್ದೆವು. ಕಳ್ಳ ಯಾರೆಂದು ಇಂದಿಗೂ ತಿಳಿದಿಲ್ಲ. ಹುಡುಗನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆವು. ಅಷ್ಟರಲ್ಲಿ ಅವನು ವಾಶಿಯಲ್ಲಿ ಬೇರೆ ಹೋಟೆಲ್ ಸೇರಿದ್ದ. "ಇರಲಿ ಧಣಿ" ಎಂದ. ವಾಪಸು ಬರಲಿಲ್ಲ.

ಪಾಸ್‌ವರ್ಡ್ ಇರುವುದು ಕಳ್ಳನನ್ನು ಹಿಡಿಯಲು ಎಂದು ತಿಳಿದಿದ್ದೆವು. ನಿರಪರಾಧಿಯನ್ನು ಕಾಪಾಡಲೂ ಅದೇ ಬೇಕು ಎಂದು ಅಂದು ತಿಳಿಯಿತು.

ನಿಯಮ ಗೋಡೆಯ ಮೇಲಿದ್ದರೆ ಸಾಲದು

"ಪಾಸ್‌ವರ್ಡ್ ಯಾರಿಗೂ ಹೇಳಬಾರದು" ಎಂದು ಮೊದಲು ಗೋಡೆಗೆ ಚೀಟಿ ಅಂಟಿಸಿದೆವು. ನಾಲ್ಕು ದಿನ ನಡೆಯಿತು. ನಿಯಮವನ್ನು ಯಂತ್ರವೇ ಪಾಲಿಸಿಕೊಳ್ಳಬೇಕು. ದೊಡ್ಡ ಕಚೇರಿಗಳಲ್ಲಿ ಎಲ್ಲ ಕಂಪ್ಯೂಟರುಗಳನ್ನೂ ಒಂದು ಸರ್ವರ್‌ಗೆ ಜೋಡಿಸಿರುತ್ತಾರೆ. ಪಾಸ್‌ವರ್ಡ್ ಎಷ್ಟು ಉದ್ದ ಇರಬೇಕು, ಎಷ್ಟು ಸಲ ತಪ್ಪಿದರೆ ಲಾಕ್ ಆಗಬೇಕು ಎಂದು ಸರ್ವರಿನಲ್ಲಿ ಒಮ್ಮೆ ಬರೆದರೆ ಎಲ್ಲ ಕಡೆ ಅದೇ ನಡೆಯುತ್ತದೆ. ನಮ್ಮಂಥ ನಾಲ್ಕು ಕಂಪ್ಯೂಟರಿನವರು ಒಂದೊಂದರಲ್ಲೂ ಪ್ರತ್ಯೇಕ ಹಾಕಿಸಬಹುದು. ವಿಂಡೋಸ್ ಪ್ರೊ ಇದ್ದರೆ "ಲೋಕಲ್ ಸೆಕ್ಯೂರಿಟಿ ಪಾಲಿಸಿ" ಎಂಬಲ್ಲಿ ಇದು ಸಿಗುತ್ತದೆ. ಅಗ್ಗದ ಹೋಮ್ ಆವೃತ್ತಿಯಲ್ಲಿ ಆ ಪುಟ ಇಲ್ಲ. ಆದ್ದರಿಂದ ಹೊಸ ಕಂಪ್ಯೂಟರ್ ಕೊಳ್ಳುವಾಗಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. ವಿಂಡೋಸಿನ ಪಾಸ್‌ವರ್ಡ್ ಬೇರೆ, ಬಿಲ್ಲಿಂಗ್ ಸಾಫ್ಟ್‌ವೇರಿನ ಪಾಸ್‌ವರ್ಡ್ ಬೇರೆ. ಹೊರಗಿನ ಬಾಗಿಲಿಗೆ ಬೀಗ ಹಾಕಿ ಸ್ಟೋರ್ ರೂಮ್ ತೆರೆದಿಟ್ಟರೆ ಏನು ಬಂತು? ಎರಡಕ್ಕೂ ನಿಯಮ ಬೇಕು.

ಅತಿ ಮಾಡಿ ಕೆಟ್ಟದ್ದು

ಪೆಟ್ಟು ತಿಂದ ಮೇಲೆ ನಾವು ಅತಿ ಮಾಡಿದೆವು. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಗಬೇಕು, ಅಂಕಿ, ಚಿಹ್ನೆ, ದೊಡ್ಡಕ್ಷರ ಎಲ್ಲ ಇರಬೇಕು, ಮೂರು ಸಲ ತಪ್ಪಿದರೆ ಅರ್ಧ ಗಂಟೆ ಲಾಕ್. ಒಂದು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಕ್ಯಾಷಿಯರ್ ಮೂರು ಸಲ ತಪ್ಪೊತ್ತಿದರು. ಗಲ್ಲಾದ ಮುಂದೆ ಇಪ್ಪತ್ತು ಗಿರಾಕಿಗಳು. ಕೊನೆಗೆ ಕೈಬರಹದ ಬಿಲ್ಲು ಕೊಟ್ಟೆವು. ಮರುದಿನ ನೋಡಿದರೆ ಎಲ್ಲರ ಪಾಸ್‌ವರ್ಡೂ ಆರ್ಡರ್ ಪುಸ್ತಕದ ಹಿಂದಿನ ರಟ್ಟಿನ ಮೇಲೆ!

ಆಮೇಲೆ ತಿಳಿದವರಿಂದ ಕೇಳಿದೆವು. ಇಂಥ ಕಟ್ಟುಪಾಡುಗಳು ಹೆಚ್ಚಾಗಿ ಅಮೆರಿಕದ ಸರಕಾರಿ ಸಂಸ್ಥೆ ನಿಸ್ಟ್‌ನ ಬಿಲ್ ಬರ್ ಎಂಬವರು 2003ರಲ್ಲಿ ಬರೆದ ಸಲಹೆಯಿಂದ ಹರಡಿದ್ದು. 2017ರಲ್ಲಿ ಅವರೇ ಪಶ್ಚಾತ್ತಾಪ ಪಟ್ಟರು. ಅದೇ ವರ್ಷ ನಿಸ್ಟ್ ಕೂಡ, ಪಾಸ್‌ವರ್ಡ್ ಸೋರಿದ ಕುರುಹು ಇಲ್ಲದಿದ್ದರೆ ಸುಮ್ಮನೆ ಬದಲಾಯಿಸಲು ಒತ್ತಾಯಿಸಬೇಡಿ ಎಂದಿತು. 2019ರಲ್ಲಿ ಮೈಕ್ರೋಸಾಫ್ಟ್ ಕಂಪನಿಯೂ ತನ್ನ ಸಲಹಾ ಪಟ್ಟಿಯಿಂದ ಆ ನಿಯಮವನ್ನು ಕೈಬಿಟ್ಟಿತು. ಕಷ್ಟದ ಪಾಸ್‌ವರ್ಡಿಗಿಂತ ಉದ್ದದ ಪಾಸ್‌ವರ್ಡ್ ಮೇಲು.

ಒಂದೇ ಪಾಸ್‌ವರ್ಡನ್ನು ಹಲವು ಕಡೆ ಇಡುವುದರ ಅಪಾಯಕ್ಕೆ ಉದಾಹರಣೆ ನಮ್ಮ ಆಹಾರ ಉದ್ಯಮದಲ್ಲೇ ಇದೆ. 2017ರ ಮೇ ತಿಂಗಳಲ್ಲಿ ಜೊಮ್ಯಾಟೊದ ಸುಮಾರು 1.7 ಕೋಟಿ ಗ್ರಾಹಕರ ಮಾಹಿತಿ ಕಳವಾಯಿತು. ಕಂಪನಿಯೇ ಕಾರಣ ತಿಳಿಸಿತು: ಅದರ ಒಬ್ಬ ಉದ್ಯೋಗಿಯ ಪಾಸ್‌ವರ್ಡ್ 2015ರಲ್ಲಿ ಬೇರೊಂದು ವೆಬ್‌ಸೈಟಿನಿಂದ ಸೋರಿತ್ತು, ಅದೇ ಪಾಸ್‌ವರ್ಡನ್ನು ಅವರು ಕೆಲಸದ ಖಾತೆಗೂ ಇಟ್ಟಿದ್ದರು. ಅಷ್ಟು ದೊಡ್ಡ ಕಂಪನಿಯ ಗತಿ ಹೀಗಾದರೆ ನಮ್ಮದು ಯಾವ ಲೆಕ್ಕ?

ಈಗ ನಮ್ಮಲ್ಲಿರುವ ಕ್ರಮ

1. ಒಬ್ಬರಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್. "ಅಡ್ಮಿನ್" ಹೆಸರಿನಲ್ಲಿ ದಿನದ ಬಿಲ್ಲು ಮಾಡುವಂತಿಲ್ಲ.

2. ಕನಿಷ್ಠ 15 ಅಕ್ಷರ. ತುಳು ಅಥವಾ ಕನ್ನಡದ ಮೂರು ನಾಲ್ಕು ಪದ ಸೇರಿಸಿ ಇಂಗ್ಲಿಷ್ ಅಕ್ಷರದಲ್ಲಿ ಒತ್ತುವುದು. ಹೆಸರು, ಊರು, ಫೋನ್ ನಂಬರ್ ಬೇಡ. ನೆನಪೂ ಉಳಿಯುತ್ತದೆ, ಬೇರೆಯವರಿಗೆ ಊಹಿಸಲೂ ಕಷ್ಟ.

3. 10 ಸಲ ತಪ್ಪಿದರೆ 10 ನಿಮಿಷ ಲಾಕ್. ಎದ್ದು ಹೋದರೆ ಸ್ವಲ್ಪ ಹೊತ್ತಿನಲ್ಲಿ ಪರದೆ ತಾನಾಗಿ ಲಾಕ್.

4. ಬಿಲ್ಲು ಕ್ಯಾನ್ಸಲ್ ಮಾಡುವ ಅಧಿಕಾರ ಮ್ಯಾನೇಜರಿಗೆ ಮಾತ್ರ, ಕಾರಣ ಬರೆದು. ಪ್ರತಿ ರಾತ್ರಿ ಆ ಪಟ್ಟಿ ನೋಡುತ್ತೇವೆ.

5. ಕೆಲಸ ಬಿಟ್ಟವರ ಯೂನಿಫಾರ್ಮ್ ವಾಪಸು ಪಡೆದ ದಿನವೇ ಅವರ ಖಾತೆ ಬಂದ್. ಅಳಿಸುವುದು ಬೇಡ, ಹಳೆಯ ಬಿಲ್ಲುಗಳಲ್ಲಿ ಅವರ ಹೆಸರು ಉಳಿಯಬೇಕು.

6. ಜಿಎಸ್‌ಟಿ, ಬ್ಯಾಂಕ್, ಆಹಾರ ಪರವಾನಗಿಯ ಖಾತೆ, ಇಮೇಲ್ ಇವಕ್ಕೆ ಬೇರೆ ಬೇರೆ ಪಾಸ್‌ವರ್ಡ್. ಇಮೇಲಿಗೆ ಮೊಬೈಲ್ ಮೂಲಕ ಎರಡನೇ ಪರೀಕ್ಷೆಯೂ ಇರಲಿ.

ಏಳನೆಯದು ನಮಗೇ. ಟ್ರೈನಿನಲ್ಲಿ ಕುಳಿತು ಫೋನಿನಲ್ಲಿ ನಮ್ಮ ಪಾಸ್‌ವರ್ಡ್ ಹೇಳಿ "ನೀನೇ ಮಾಡಿಬಿಡು" ಎನ್ನುವ ಅಭ್ಯಾಸ ಬಿಡಬೇಕು. ಮಾಲಕರೇ ನಿಯಮ ಮುರಿದರೆ ಕೆಲಸದವರು ಪಾಲಿಸುವುದಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದಲ್ಲಿ ಯಾರ ಮೇಲೆ ದೂರು ಕೊಡುವುದು?

ಊರಿನಿಂದ ತಂದೆತಾಯಿ ನಮ್ಮನ್ನು ನಂಬಿ ಮಕ್ಕಳನ್ನು ಕಳುಹಿಸುತ್ತಾರೆ. ಅವರನ್ನು ಗಲ್ಲಾದಲ್ಲಿ ಕೂರಿಸುವಾಗ ಸ್ವಂತ ಪಾಸ್‌ವರ್ಡ್ ಕೊಟ್ಟು ಕೂರಿಸೋಣ. ನಾಳೆ ಲೆಕ್ಕ ತಪ್ಪಿದರೆ "ನಾನಲ್ಲ" ಎನ್ನಲು ಅವರಿಗೊಂದು ಸಾಕ್ಷಿ ಇರಲಿ. 38,000 ರೂಪಾಯಿಯನ್ನು ನಾವು ಎಂದೋ ಮರೆತಿದ್ದೇವೆ. ಆ ಹುಡುಗನ ಮುಖ ಮರೆತಿಲ್ಲ.