ಗಣಕಯಂತ್ರ: ಕನಿಷ್ಠ ಅರ್ಹತೆ ಎಷ್ಟು, ನಿಜವಾದ ಅಗತ್ಯ ಎಷ್ಟು?

ಉದ್ಯಮಬಾಗದ ಫೌಂಡ್ರಿಯಿರಲಿ, ರವಿವಾರಪೇಟೆಯ ಸಗಟು ಅಂಗಡಿಯಿರಲಿ, ಖಾನಾಪುರದ ಹಂಚಿನ ಕಾರ್ಖಾನೆಯಿರಲಿ, ಇಂದು ಲೆಕ್ಕಪತ್ರವೆಲ್ಲವೂ ಗಣಕಯಂತ್ರದಲ್ಲಿಯೇ ಇದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂದಿತು. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಆದ್ದರಿಂದ ಗಣಕ ಕೆಟ್ಟು ನಿಂತರೆ ಸರಕು ತುಂಬಿದ ಲಾರಿಯೂ ಬಾಗಿಲಲ್ಲೇ ನಿಲ್ಲುತ್ತದೆ.

ಈ ಹಿನ್ನೆಲೆಯಲ್ಲಿ 2025ರ ಅಕ್ಟೋಬರ್ 14 ಗಮನಾರ್ಹ ದಿನ. ಅಂದಿಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಉಚಿತ ಬೆಂಬಲ ಮುಗಿಯಿತು. ಯಂತ್ರವು ಎಂದಿನಂತೆ ನಡೆಯುತ್ತದೆಯಾದರೂ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಸಾಮಾನ್ಯ ಕ್ರಮದಲ್ಲಿ ಪರಿಹಾರ ದೊರೆಯುವುದಿಲ್ಲ.

ಯಾವ ವ್ಯವಸ್ಥೆಗೆ ಎಷ್ಟು ಬೇಕು?

ತಯಾರಕರು ಪ್ರಕಟಿಸಿದ ಕನಿಷ್ಠ ಅರ್ಹತೆಗಳು ಹೀಗಿವೆ:

• ವಿಂಡೋಸ್ ಎಕ್ಸ್‌ಪಿ (2001): 233 ಮೆಗಾಹರ್ಟ್ಸ್ ಪ್ರೊಸೆಸರ್, 64 ಎಂಬಿ ರ್‍ಯಾಮ್, 1.5 ಜಿಬಿ ಡಿಸ್ಕ್.
• ವಿಂಡೋಸ್ 7 (2009): 1 ಗಿಗಾಹರ್ಟ್ಸ್, 1 ಜಿಬಿ ರ್‍ಯಾಮ್, 16 ಜಿಬಿ ಡಿಸ್ಕ್; 64 ಬಿಟ್ ಆವೃತ್ತಿಗೆ 2 ಜಿಬಿ ಮತ್ತು 20 ಜಿಬಿ.
• ವಿಂಡೋಸ್ 11 (2021): 1 ಗಿಗಾಹರ್ಟ್ಸ್ ವೇಗದ, ಎರಡು ಕೋರ್‌ಗಳ 64 ಬಿಟ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್, ಟಿಪಿಎಂ 2.0.
• ಉಬುಂಟು 24.04 (2024): ಎರಡು ಕೋರ್‌ಗಳ 2 ಗಿಗಾಹರ್ಟ್ಸ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕ್.

ಹಿಂದೆ ರ್‍ಯಾಮ್ ಹೆಚ್ಚಿಸಿದರೆ ಬಹುತೇಕ ಹಳೆಯ ಯಂತ್ರ ಹೊಸ ವ್ಯವಸ್ಥೆಗೆ ಒಗ್ಗುತ್ತಿತ್ತು. ವಿಂಡೋಸ್ 11ರಲ್ಲಿ ಆ ಉಪಾಯ ಸಾಲದು. ಪ್ರೊಸೆಸರ್ ಸಂಸ್ಥೆಯ ಅಂಗೀಕೃತ ಪಟ್ಟಿಯಲ್ಲಿರಬೇಕು. ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ನಂತರದ್ದು. ಸಂಕೇತ ಕೀಲಿಗಳನ್ನು ಸುರಕ್ಷಿತವಾಗಿಡುವ ಟಿಪಿಎಂ ಸಹ ಇರಬೇಕು. ಆದರೆ ಹಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ ನಿಷ್ಕ್ರಿಯವಾಗಿರುತ್ತದೆ. ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಇದನ್ನು ನೋಡಿಸುವುದು ಲೇಸು.

ಕನಿಷ್ಠವೇ ಸಾಕೆ?

ಕನಿಷ್ಠ ಅರ್ಹತೆಯೆಂದರೆ ವ್ಯವಸ್ಥೆ ತೆರೆದುಕೊಳ್ಳಲು ಬೇಕಾದಷ್ಟು ಮಾತ್ರ. ಲೆಕ್ಕದ ತಂತ್ರಾಂಶ, ಬ್ರೌಸರ್, ಮಿಂಚಂಚೆ ಇವು ಏಕಕಾಲಕ್ಕೆ ನಡೆಯುವ ಕಚೇರಿಗೆ 8 ಜಿಬಿ ರ್‍ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿ ಯೋಗ್ಯ. ಬಿಡಿಭಾಗಗಳ ವಿನ್ಯಾಸ ರಚಿಸುವವರಿಗೆ 16 ಜಿಬಿಯೂ ಹೆಚ್ಚಲ್ಲ. ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ; ಆದರೆ ಅದರಿಂದ ಭದ್ರತೆಯ ಕೊರತೆ ನೀಗುವುದಿಲ್ಲ.

ಅರ್ಹತೆಯಿಲ್ಲದ ಯಂತ್ರಗಳಿಗೆ ಮೂರು ದಾರಿಗಳಿವೆ. ಮೊದಲನೆಯದು, ಸಂಸ್ಥೆಗಳಿಗೆ ಶುಲ್ಕದ ಮೇಲೆ 2028ರ ಅಕ್ಟೋಬರ್‌ವರೆಗೆ ನಿಗದಿಯಾಗಿರುವ ವಿಸ್ತೃತ ಭದ್ರತಾ ಸೇವೆ. ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್ ಇರುವ ಇದರ ದರ ಪ್ರತಿವರ್ಷ ಇಮ್ಮಡಿಯಾಗುವುದರಿಂದ ಇದು ತಾತ್ಕಾಲಿಕ ಆಸರೆಯಷ್ಟೆ. ಎರಡನೆಯದು, ಪರವಾನಗಿ ಶುಲ್ಕವಿಲ್ಲದ ಲಿನಕ್ಸ್. ಪತ್ರವ್ಯವಹಾರ, ಅಂತರಜಾಲಗಳಿಗೆ ಇದು ಸಾಕು. ಆದರೆ ಟ್ಯಾಲಿ, ನುಡಿ, ಡಿಜಿಟಲ್ ಸಹಿಯ ಟೋಕನ್, ಬಿಲ್ ಮುದ್ರಣಯಂತ್ರ ಇವುಗಳ ಮೇಲೆ ಅವಲಂಬಿತರಾದವರು ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು. ಮೂರನೆಯದು, ಹೊಸ ಯಂತ್ರದ ಖರೀದಿ.

ಲೋಹ ಪರೀಕ್ಷೆಯ ಉಪಕರಣಕ್ಕೋ ಸಿಎನ್‌ಸಿ ಯಂತ್ರಕ್ಕೋ ಜೋಡಿಸಿದ ಹಳೆಯ ಗಣಕದ ಮಾತು ಬೇರೆ. ಆ ಉಪಕರಣದ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ ನಡೆಯದಿರಬಹುದು. ಅಂಥ ಗಣಕವನ್ನು ಬದಲಿಸುವುದಕ್ಕಿಂತ ಅಂತರಜಾಲದಿಂದಲೂ ಕಚೇರಿಯ ಜಾಲದಿಂದಲೂ ಬೇರ್ಪಡಿಸಿಡುವುದು ಜಾಣತನ.

ಮೊದಲು ಪ್ರತಿ, ನಂತರ ಬದಲಾವಣೆ

ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಕಡೆಯ ದಿನದಿಂದ 72 ತಿಂಗಳು ಕಾಯ್ದಿರಿಸಬೇಕು. ಯಾವ ದಾರಿ ಹಿಡಿದರೂ ಮೊದಲು ದತ್ತಾಂಶದ ಎರಡು ಪ್ರತಿಗಳನ್ನು ತೆಗೆದು, ಒಂದನ್ನು ಕಚೇರಿಯ ಹೊರಗಿಡಬೇಕು. ಪ್ರತಿ ತೆರೆಯುತ್ತದೆಯೇ ಎಂದೂ ನೋಡಬೇಕು. ಮಳೆಗಾಲ ಜೋರಾಗಿರುವ ಖಾನಾಪುರ ಭಾಗದಲ್ಲಿ ಉತ್ತಮ ಯುಪಿಎಸ್ ಸಹ ಅಗತ್ಯ. ಹೊಸ ಯಂತ್ರವನ್ನು ಒಂದೇ ದಿನದಲ್ಲಿ ಕೊಳ್ಳಬಹುದು. ಕಳೆದುಹೋದ ಆರು ವರ್ಷದ ಲೆಕ್ಕವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.