ಸಣ್ಣ ಹಿಡುವಳಿಗೆ ಟ್ರ್ಯಾಕ್ಟರ್ ಚಾಲಿತ ಹುಲ್ಲು ಒಟ್ಟುಗೂಡಿಸುವ ಯಂತ್ರದ (ಹೇ ರೇಕ್) ಆಯ್ಕೆ: ರೈತರಿಗೆ ಮಾಹಿತಿ

ಪೀಠಿಕೆ

ತುಂಗಭದ್ರಾ, ಭದ್ರಾ ಹಾಗೂ ಕಾವೇರಿ ಅಚ್ಚುಕಟ್ಟು ಪ್ರದೇಶಗಳಲ್ಲಿ ಭತ್ತದ ಕಟಾವಿಗೆ ಕಂಬೈನ್ ಹಾರ್ವೆಸ್ಟರ್ ಬಳಕೆ ಸಾಮಾನ್ಯವಾಗಿದೆ. ಕುಡುಗೋಲಿನಿಂದ ಕೊಯ್ದು ಸಿವುಡು ಕಟ್ಟುವ ಪದ್ಧತಿಯಲ್ಲಿ ಹುಲ್ಲು ನೇರವಾಗಿ ಕಣಕ್ಕೆ ಬಂದು ಬಣವೆ ಸೇರುತ್ತಿತ್ತು. ಕಂಬೈನ್ ಯಂತ್ರವಾದರೋ ಕಾಳನ್ನು ಬೇರ್ಪಡಿಸಿ ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತದೆ. ಹಸಿ ನೆಲದ ಮೇಲೆ ಬಿದ್ದ ಈ ಹುಲ್ಲು ಹಿಂಗಾರಿನ ಮಳೆಗೆ ಸಿಕ್ಕಿ ಕಪ್ಪಾದಲ್ಲಿ ಜಾನುವಾರುಗಳು ಅದನ್ನು ತಿನ್ನುವುದಿಲ್ಲ. ಹುಲ್ಲನ್ನು ಸಕಾಲದಲ್ಲಿ ತಿರುವಿ, ಒಣಗಿಸಿ, ಬೇಲರ್ ಯಂತ್ರಕ್ಕೆ ಸಿಗುವಂತೆ ಸಾಲಾಗಿ ಕೂಡಿಸುವ ಸಾಧನವೇ ಹೇ ರೇಕ್.

ಎರಡು ಹೆಕ್ಟೇರ್‌ವರೆಗಿನ ಜಮೀನುಳ್ಳ ರೈತರು ಈ ಯಂತ್ರಕ್ಕೆ ಹಣ ತೊಡಗಿಸುವ ಮುನ್ನ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಯಂತ್ರದ ಅಗತ್ಯವಿದೆಯೇ?

ಕೈಯಿಂದ ಕೊಯ್ದ ರಾಗಿ, ಭತ್ತ ಹಾಗೂ ಉದ್ದನೆಯ ದಂಟುಳ್ಳ ಜೋಳದ ಮೇವಿಗೆ ಈ ಯಂತ್ರದ ಅಗತ್ಯ ಇರುವುದಿಲ್ಲ. ಕಂಬೈನ್ ಕಟಾವು ಮಾಡಿದ ಭತ್ತದ ಹುಲ್ಲು ಹಾಗೂ ಕೊಯ್ದು ಒಣಗಿಸುವ ಮೇವಿನ ಬೆಳೆಗಳಿಗೆ ಇದು ಉಪಯುಕ್ತ.

ಖರೀದಿಗೆ ಮುನ್ನ ವಾರ್ಷಿಕ ಖರ್ಚಿನ ಲೆಕ್ಕ ಮಾಡುವುದು ಅತ್ಯಗತ್ಯ. ಉದಾಹರಣೆಗೆ, ಯಂತ್ರದ ಬೆಲೆ ರೂ. 2,00,000, ಬಾಳಿಕೆ 10 ವರ್ಷ, ಕೊನೆಯಲ್ಲಿ ಗುಜರಿ ಮೌಲ್ಯ ರೂ. 20,000 ಹಾಗೂ ಬಡ್ಡಿ ದರ ಶೇ. 10 ಎಂದು ಭಾವಿಸಿದಲ್ಲಿ:

- ಸವಕಳಿ: ವರ್ಷಕ್ಕೆ ರೂ. 18,000
- ಸರಾಸರಿ ಮೌಲ್ಯ ರೂ. 1,10,000ರ ಮೇಲೆ ಬಡ್ಡಿ: ರೂ. 11,000
- ನೆರಳು ಹಾಗೂ ಇತರೆ: ರೂ. 1,000
- ಒಟ್ಟು ಸ್ಥಿರ ವೆಚ್ಚ: ರೂ. 30,000

ಐದು ಎಕರೆ ಗದ್ದೆಯಲ್ಲಿ ಎರಡು ಬೆಳೆ ತೆಗೆಯುವ ರೈತರಿಗೆ ವರ್ಷಕ್ಕೆ 10 ಎಕರೆ ಕೆಲಸವಾಗುತ್ತದೆ. ಅಂದರೆ ಎಕರೆಗೆ ರೂ. 3,000 ವೆಚ್ಚ ತಗಲುತ್ತದೆ. ಡೀಸೆಲ್ ಹಾಗೂ ಚಾಲಕರ ಕೂಲಿ ಇದರಲ್ಲಿ ಸೇರಿಲ್ಲ. ಬೆಲೆಯ ಅರ್ಧದಷ್ಟು ಸಹಾಯಧನ ದೊರೆತರೂ ಎಕರೆಗೆ ರೂ. 1,500 ಬೀಳುತ್ತದೆ. ಅದೇ ಯಂತ್ರವು ಅಕ್ಕಪಕ್ಕದ ರೈತರದೂ ಸೇರಿ 100 ಎಕರೆಯಲ್ಲಿ ದುಡಿದಲ್ಲಿ, ಸಹಾಯಧನವಿಲ್ಲದೆಯೂ ಎಕರೆಗೆ ರೂ. 300 ಮಾತ್ರ. ಆದ್ದರಿಂದ ಸಹಾಯಧನ ಲಭ್ಯವಿದೆ ಎಂಬ ಒಂದೇ ಕಾರಣಕ್ಕೆ ಖರೀದಿಸುವುದು ಸೂಕ್ತವಲ್ಲ. ಈ ಲೆಕ್ಕವನ್ನು ಸ್ಥಳೀಯ ಬಾಡಿಗೆ ದರದೊಂದಿಗೆ ಹೋಲಿಸಿ ನೋಡತಕ್ಕದ್ದು. ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಸೇವಾ ಕೇಂದ್ರಗಳಲ್ಲಿ ಈ ಯಂತ್ರದ ಲಭ್ಯತೆಯನ್ನು ಮೊದಲು ವಿಚಾರಿಸಬೇಕು. ನಾಲ್ಕಾರು ರೈತರು ಕೂಡಿ ಖರೀದಿಸುವುದೂ ಒಂದು ಮಾರ್ಗ.

2. ಯಂತ್ರದ ಪ್ರಮುಖ ವಿಧಗಳು

(ಅ) ಬೆರಳು ಚಕ್ರದ ರೇಕ್: ನೆಲಕ್ಕೆ ತಾಗಿದ ಹಲ್ಲಿನ ಚಕ್ರಗಳು ಟ್ರ್ಯಾಕ್ಟರ್ ಎಳೆದಂತೆ ತಾವಾಗಿಯೇ ತಿರುಗುತ್ತವೆ. ಪಿ.ಟಿ.ಓ. ಸಂಪರ್ಕ ಬೇಕಿಲ್ಲ. ಬಿಡಿಭಾಗಗಳು ಕಡಿಮೆ, ಬೆಲೆಯೂ ಕಡಿಮೆ, ದುರಸ್ತಿ ಸುಲಭ. ಆದರೆ ಹಲ್ಲುಗಳು ನೆಲವನ್ನು ಕೆರೆಯುವುದರಿಂದ ಹಸಿ ಗದ್ದೆಯಲ್ಲಿ ಹುಲ್ಲಿನೊಂದಿಗೆ ಮಣ್ಣು ಸೇರುವ ಸಂಭವ ಹೆಚ್ಚು. ಹುಲ್ಲು ಹಗ್ಗದಂತೆ ಹೊಸೆದುಕೊಳ್ಳುವುದೂ ಉಂಟು.

(ಆ) ತಿರುಗು ರೇಕ್ (ರೋಟರಿ): ಟ್ರ್ಯಾಕ್ಟರಿನ ಪಿ.ಟಿ.ಓ. ಶಕ್ತಿಯಿಂದ ಹಲ್ಲಿನ ತೋಳುಗಳು ಸುತ್ತುತ್ತಾ ಹುಲ್ಲನ್ನು ಒಂದು ಬದಿಗೆ ಒಯ್ದು, ಅಲ್ಲಿ ಹಲ್ಲುಗಳು ಮೇಲೆದ್ದು ಸಾಲನ್ನು ಬಿಡುತ್ತವೆ. ಮಣ್ಣು ಕಡಿಮೆ, ಸಾಲು ಹಗುರವಾಗಿದ್ದು ಗಾಳಿಯಾಡಿ ಬೇಗ ಒಣಗುತ್ತದೆ. ಆದರೆ ಗೇರ್ ಬಾಕ್ಸ್ ಇರುವುದರಿಂದ ಬೆಲೆ ಹಾಗೂ ನಿರ್ವಹಣೆ ಹೆಚ್ಚು.

ನೆಲ ಒಣಗಿ ಗಟ್ಟಿಯಾಗಿರುವ ಕಡೆ ಮೊದಲನೆಯದು ಸಾಕಾಗಬಹುದು. ಭತ್ತದ ಗದ್ದೆಯ ಹುಲ್ಲನ್ನು ಮೇವಿಗಾಗಿಯೇ ಸಂಗ್ರಹಿಸುವವರಿಗೆ ಎರಡನೆಯದು ಹೆಚ್ಚು ಸೂಕ್ತ.

3. ಅಳತೆ ಹಾಗೂ ಟ್ರ್ಯಾಕ್ಟರ್ ಹೊಂದಾಣಿಕೆ

ಸಣ್ಣ ಹಿಡುವಳಿಗೆ ಸುಮಾರು 3 ಮೀಟರ್ ಅಗಲದ ಒಂಟಿ ರೋಟರ್ ಸಾಕು. ಗಂಟೆಗೆ 6 ಕಿ.ಮೀ. ವೇಗದಲ್ಲಿ ತಿರುವು ಹಾಗೂ ನಿಲುಗಡೆಯ ಸಮಯ ಕಳೆದು ಗಂಟೆಗೆ ಸುಮಾರು 3 ಎಕರೆ ಕೆಲಸ ಸಾಗುತ್ತದೆ. ಇದಕ್ಕಿಂತ ಅಗಲವಾದ ಯಂತ್ರವು ಬದುಗಳ ನಡುವಿನ ಕಿರಿದಾದ ಮಡಿಗಳಲ್ಲಿ ತಿರುಗಲು ಅಡಚಣೆಯಾಗುತ್ತದೆ. ತಯಾರಕರು ಸೂಚಿಸಿದ ಅಶ್ವಶಕ್ತಿಯನ್ನು ಮಾತ್ರವಲ್ಲದೆ, ಯಂತ್ರದ ತೂಕವನ್ನು ಎತ್ತುವ ಸಾಮರ್ಥ್ಯ ಟ್ರ್ಯಾಕ್ಟರಿಗೆ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ದಾರಿಯಲ್ಲಿ ಸಾಗಿಸಲು ತೋಳುಗಳನ್ನು ಮಡಚುವ ಅಥವಾ ಕಳಚುವ ಸೌಲಭ್ಯವಿರಬೇಕು.

4. ವಿಶ್ವಾಸಾರ್ಹತೆಯ ಪರಿಶೀಲನೆ

ಕಟಾವಿನ ದಿನಗಳಲ್ಲಿ ಕೆಟ್ಟು ನಿಂತ ಯಂತ್ರದಿಂದ ಪ್ರಯೋಜನವಿಲ್ಲ. ಆದ್ದರಿಂದ ಬಣ್ಣ, ಬೆಲೆಗಿಂತ ಕೆಳಕಂಡ ಅಂಶಗಳಿಗೆ ಆದ್ಯತೆ ನೀಡತಕ್ಕದ್ದು.

- ಹಲ್ಲುಗಳು: ಸ್ಪ್ರಿಂಗ್ ಉಕ್ಕಿನವಾಗಿರಬೇಕು, ಒಂದು ಮುರಿದರೆ ಸ್ಪ್ಯಾನರ್‌ನಿಂದ ಗದ್ದೆಯಲ್ಲಿಯೇ ಬದಲಾಯಿಸುವಂತಿರಬೇಕು. ಹಲ್ಲು, ಬೇರಿಂಗ್ ಹಾಗೂ ಬೋಲ್ಟ್‌ಗಳು ತಾಲ್ಲೂಕು ಕೇಂದ್ರದಲ್ಲಿ ದೊರೆಯುತ್ತವೆಯೇ ಎಂದು ಅಂಗಡಿಯಲ್ಲಿಯೇ ವಿಚಾರಿಸಬೇಕು.
- ಮುರಿದ ಹಲ್ಲಿನ ತಡೆ: ಮುರಿದ ತುಂಡು ಹುಲ್ಲಿಗೆ ಬೀಳದಂತೆ ಹಿಡಿಯುವ ಕ್ಲಿಪ್ ಇರುವ ಯಂತ್ರ ಉತ್ತಮ. ಹುಲ್ಲಿನೊಂದಿಗೆ ಕಬ್ಬಿಣದ ತುಂಡು ನುಂಗಿದ ಹಸು, ಎಮ್ಮೆಗಳಲ್ಲಿ ಅದು ಹೊಟ್ಟೆಯನ್ನು ಚುಚ್ಚಿ ಹೃದಯದವರೆಗೂ ತಲುಪಿ ಪ್ರಾಣಾಪಾಯ ತರಬಲ್ಲದು. ಹಲ್ಲು ಮುರಿದಲ್ಲಿ ಕೆಲಸ ನಿಲ್ಲಿಸಿ ತುಂಡನ್ನು ಹುಡುಕಿ ತೆಗೆಯತಕ್ಕದ್ದು.
- ಗೇರ್ ಬಾಕ್ಸ್: ಎಣ್ಣೆ ಸೋರಿಕೆ ಇರಬಾರದು. ಗ್ರೀಸ್ ಹಾಕುವ ಸ್ಥಳಗಳು ಕೈಗೆ ಎಟುಕುವಂತಿರಬೇಕು.
- ಎತ್ತರ ಹೊಂದಾಣಿಕೆ: ಹಲ್ಲು ನೆಲಕ್ಕೆ ತೀರಾ ತಾಗದಂತೆ ಏರಿಳಿಸುವ ವ್ಯವಸ್ಥೆ ಗಟ್ಟಿಯಾಗಿರಬೇಕು.
- ಪರೀಕ್ಷಾ ವರದಿ: ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ವರದಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಬೇಕು. ಮಧ್ಯಪ್ರದೇಶದ ಬುದ್ನಿ, ಹರಿಯಾಣದ ಹಿಸಾರ್ ಹಾಗೂ ಆಂಧ್ರಪ್ರದೇಶದ ಗಾರ್ಲದಿನ್ನೆಗಳಲ್ಲಿ ಕೇಂದ್ರ ಸರ್ಕಾರದ ಇಂತಹ ಸಂಸ್ಥೆಗಳಿವೆ.
- ಪ್ರಾತ್ಯಕ್ಷಿಕೆ: ಸಾಧ್ಯವಾದಲ್ಲಿ ಸ್ವಂತ ಗದ್ದೆಯಲ್ಲಿ ಅರ್ಧ ಗಂಟೆ ನಡೆಸಿ ನೋಡಬೇಕು. ಹಿಂದೆ ಉಳಿದ ಹುಲ್ಲೆಷ್ಟು, ಹಿಡಿ ಹುಲ್ಲನ್ನು ಕೊಡವಿದಾಗ ಉದುರುವ ಮಣ್ಣೆಷ್ಟು ಎಂಬುದೇ ಸರಿಯಾದ ಪರೀಕ್ಷೆ.

5. ಬಳಕೆ ಹಾಗೂ ಸುರಕ್ಷತೆ

ತೇವಾಂಶ ಶೇ. 20ಕ್ಕಿಂತ ಕಡಿಮೆಯಾಗುವ ಮೊದಲು ಹುಲ್ಲನ್ನು ಬೇಲ್ ಕಟ್ಟಿದಲ್ಲಿ ಬೂಷ್ಟು ಹಿಡಿಯುತ್ತದೆ. ಕುದುರೆ ಮೆಂತ್ಯದಂತಹ ದ್ವಿದಳ ಮೇವನ್ನು ಬೆಳಗಿನ ಇಬ್ಬನಿ ಪೂರ್ಣ ಆರುವ ಮುನ್ನ ಕೂಡಿಸಿದಲ್ಲಿ ಎಲೆ ಉದುರುವುದು ಕಡಿಮೆ.

ಪಿ.ಟಿ.ಓ. ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆ, ಸೀರೆಯ ಸೆರಗು ಅಥವಾ ಹೆಗಲ ಮೇಲಿನ ವಲ್ಲಿ ಸಿಕ್ಕಿಕೊಂಡಲ್ಲಿ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಶಾಫ್ಟ್ ಮೇಲಿನ ರಕ್ಷಣಾ ಕವಚವನ್ನು ಯಾವುದೇ ಕಾರಣಕ್ಕೂ ತೆಗೆಯಬಾರದು. ಸಿಕ್ಕಿದ ಹುಲ್ಲನ್ನು ಬಿಡಿಸುವ ಮುನ್ನ ಪಿ.ಟಿ.ಓ. ಕಳಚಿ, ಇಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ಮಕ್ಕಳನ್ನು ಹತ್ತಿರ ಬಿಡಬಾರದು.

6. ಸಹಾಯಧನಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಸಹಾಯಧನದ ಪ್ರಮಾಣ, ಗರಿಷ್ಠ ಮಿತಿ ಹಾಗೂ ಅರ್ಹ ಯಂತ್ರಗಳ ಪಟ್ಟಿಯನ್ನು ಆಯಾ ಆರ್ಥಿಕ ವರ್ಷದ ಮಾರ್ಗಸೂಚಿಯಂತೆ ನಿಗದಿಪಡಿಸಲಾಗುತ್ತದೆ. ಅರ್ಜಿದಾರರು ಸಾಮಾನ್ಯವಾಗಿ ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು:

- ಫ್ರೂಟ್ಸ್ ನೋಂದಣಿ ಸಂಖ್ಯೆ (ಎಫ್.ಐ.ಡಿ.)
- ಪಹಣಿ
- ಆಧಾರ್ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ
- ಭಾವಚಿತ್ರ
- ಅನ್ವಯಿಸುವವರಿಗೆ ಜಾತಿ ಪ್ರಮಾಣ ಪತ್ರ

ಮಂಜೂರಾತಿಗೆ ಮುನ್ನವೇ ಖರೀದಿಸಿದ ಅಥವಾ ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಸಹಾಯಧನ ದೊರೆಯದೇ ಹೋಗಬಹುದು. ಆದುದರಿಂದ ಮುಂಗಡ ಹಣ ಪಾವತಿಸುವ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳುವುದು. ಖರೀದಿಯ ರಶೀದಿ, ಖಾತರಿ ಪತ್ರ ಹಾಗೂ ಯಂತ್ರದ ಕ್ರಮಸಂಖ್ಯೆಯನ್ನು ಜೋಪಾನವಾಗಿ ಕಾಯ್ದಿರಿಸತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.