ರೂಟಿಗೆ ಇಪ್ಪತ್ತು ಜಿಬಿ ಸಾಕು ಅಂದುಕೊಂಡಿದ್ದೆ

ವಸ್ತ್ರಾಪುರದಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಕೆರೆಯ ಕಡೆ ವಾಕಿಂಗ್ ಏನಿದ್ದರೂ ಕತ್ತಲಾದ ಮೇಲೆಯೇ. ಅಂಥದ್ದೊಂದು ಭಾನುವಾರ ಲ್ಯಾಪ್‌ಟಾಪ್ ಆನ್ ಮಾಡಿದೆ. ಪಾಸ್‌ವರ್ಡ್ ಕೊಟ್ಟರೆ ಪರದೆ ಒಮ್ಮೆ ಮಿನುಗಿ ಮತ್ತೆ ಪಾಸ್‌ವರ್ಡನ್ನೇ ಕೇಳಿತು. ಅದರೊಳಗೆ ಅಮ್ಮನ ಹಾಡುಗಳಿದ್ದವು, ಧಾರವಾಡದ ಅಡುಗೆಮನೆಯಲ್ಲಿ ಕೂತು ರೆಕಾರ್ಡ್ ಮಾಡಿಕೊಂಡವು. ಅಮ್ಮ ಈಗಿಲ್ಲ. ಬೇರೆ ಪ್ರತಿಯೂ ಇರಲಿಲ್ಲ. (ಬೈಯಬೇಡಿ, ಮನೆಯವಳು ಬೈದಾಗಿದೆ.)

ಕರಿ ಪರದೆಯ ಕನ್ಸೋಲ್‌ಗೆ ಹೋಗಿ ನೋಡಿದರೆ ರೂಟ್ ಪಾರ್ಟಿಶನ್ ನೂರಕ್ಕೆ ನೂರು ಭರ್ತಿ. ಲಿನಕ್ಸ್ ಹಾಕುವಾಗ ಜಿಪುಣತನ ಮಾಡಿ 20 ಜಿಬಿ ಕೊಟ್ಟಿದ್ದೆ. ಉಬುಂಟು 24.04 ಡೆಸ್ಕ್‌ಟಾಪ್‌ಗೆ 25 ಜಿಬಿ ಬೇಕೆಂದು ಅದನ್ನು ಮಾಡಿದವರೇ ಹೇಳುತ್ತಾರೆ! ಹಳೆಯ ಕರ್ನಲ್‌ಗಳು, ಲಾಗ್‌ಗಳು, ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಆ್ಯಪ್‌ಗಳು ಎಲ್ಲವೂ ಕೂರುವುದು ರೂಟಿನಲ್ಲೇ. ಪಕ್ಕದ ಹೋಮ್ ಪಾರ್ಟಿಶನ್‌ನಲ್ಲಿ ನೂರು ಜಿಬಿಗೂ ಹೆಚ್ಚು ಖಾಲಿ ಬಿದ್ದಿತ್ತು. ಪಕ್ಕದ ಮನೆ ಖಾಲಿಯಿದ್ದರೆ ನಮಗೇನು ಬಂತು, ನಡುವೆ ಗೋಡೆ ಇದೆಯಲ್ಲ? ಆ ಗೋಡೆ ಸರಿಸಲು ಹೋಮನ್ನು ಕುಗ್ಗಿಸಿ, ಅದರ ಆರಂಭವನ್ನೇ ಮುಂದಕ್ಕೆ ತಳ್ಳಬೇಕು. ನಡುವೆ ಕರೆಂಟ್ ಹೋದರೆ ಹಾಡುಗಳ ಗತಿ ಹೇಳುವಂತಿಲ್ಲ.

ಡೌನ್‌ಲೋಡ್ ಆಗಿ ಉಳಿದಿದ್ದ ಹಳೆಯ ಪ್ಯಾಕೇಜ್‌ಗಳನ್ನು ಅಳಿಸಿದೆ, ಬಾಗಿಲು ತೆರೆಯಿತು. ಅಂದು ಸಂಜೆಯೇ ಹೊರಗಿನ ಡಿಸ್ಕ್ ಒಂದನ್ನು ಕೊಂಡು ಎಲ್ಲವನ್ನೂ ನಕಲು ಮಾಡಿ, ಕೆಲವನ್ನು ಕೇಳಿಯೂ ನೋಡಿ, ಆಮೇಲೆ ಹೊಸದಾಗಿ ಹಂಚಿದೆ.

ನನ್ನದು 256 ಜಿಬಿ ಎಸ್‌ಎಸ್‌ಡಿ. ವಿಂಡೋಸ್ ಲೆಕ್ಕದಲ್ಲಿ ಅದು 238 ಮಾತ್ರ. ಅಂಗಡಿಯವನು ಮೋಸ ಮಾಡಿದ್ದಲ್ಲ, ಒಬ್ಬರು ಸಾವಿರದಿಂದ ಎಣಿಸುತ್ತಾರೆ, ಇನ್ನೊಬ್ಬರು 1024ರಿಂದ. ಬೂಟ್‌ಗೆ ಬೇಕಾದ ಇಎಫ್‌ಐಗೆ 1 ಜಿಬಿ, ರೂಟಿಗೆ 60, ಉಳಿದದ್ದು ಹೋಮ್‌ಗೆ. ಸ್ವಾಪ್‌ಗೆ 10 ಕೊಟ್ಟೆ, ಯಾಕೆಂದರೆ ರ‍್ಯಾಮ್ 8 ಜಿಬಿ, ನನಗೆ ಹೈಬರ್ನೇಟ್ ಬೇಕು. ಹೈಬರ್ನೇಟ್ ಬೇಡದವರಿಗೆ 4 ಜಿಬಿಯ ಸ್ವಾಪ್ ಫೈಲ್ ಸಾಕು; ರ‍್ಯಾಮಿನ ಎರಡರಷ್ಟು ಎಂಬ ಹಳೇ ಸೂತ್ರ ರ‍್ಯಾಮ್ ಕಡಿಮೆಯಿದ್ದ ಕಾಲದ್ದು. ಇನ್ನೊಂದು, ಇಎಕ್ಸ್‌ಟಿ4 ಪ್ರತಿ ಪಾರ್ಟಿಶನ್‌ನಲ್ಲೂ ಶೇ. 5 ಜಾಗವನ್ನು ರೂಟ್ ಬಳಕೆದಾರನಿಗೆಂದು ತೆಗೆದಿಡುತ್ತದೆ. ಹೋಮ್‌ನಲ್ಲಿ ಅದು ಸುಮ್ಮನೆ ದಂಡ, ಶೇ. 1ಕ್ಕೆ ಇಳಿಸಿದೆ.

ಮುಂದಿನ ಸಲ ಲಿನಕ್ಸ್ ಮತ್ತೆ ಹಾಕಬೇಕಾಗಿ ಬಂದರೆ ರೂಟನ್ನಷ್ಟೇ ಫಾರ್ಮ್ಯಾಟ್ ಮಾಡಿ ಹೋಮನ್ನು ಹಾಗೇ ಬಿಡಬಹುದು. ಆದರೆ ಡಿಸ್ಕೇ ಸತ್ತರೆ ಹೋಮೂ ಅದರ ಜೊತೆಗೇ ಹೋಗುತ್ತದೆ. ಅದಕ್ಕೇ ಹೊರಗಿನ ಡಿಸ್ಕ್ ಕಪಾಟಿನಲ್ಲಿದೆ, ಹಾಡುಗಳ ಇನ್ನೊಂದು ಪ್ರತಿ ಹುಬ್ಬಳ್ಳಿಯಲ್ಲಿ ತಮ್ಮನ ಹತ್ತಿರ. ಮೂರನೇ ಹಾಡಿನಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದಲ್ಲ, ಅದನ್ನು ತೆಗೆಯಲು ಬರುತ್ತದಾ ಎಂದು ಅವನು ಕೇಳಿದ. ಬೇಡ, ಇರಲಿ ಅಂದೆ.